ಹಳೆಯ ಮುದ್ರಣಪೂರ್ವ ಚಿತ್ರಕಡತಗಳ ಪುನರುದ್ಧಾರ

ಮುದ್ರಣಪೂರ್ವ ಚಿತ್ರಕಡತಗಳ ಪುನರುದ್ಧಾರ: ಅಚ್ಚಿಗೆ ಕಳಿಸಲೆಂದು ಸಿದ್ಧಪಡಿಸಿದ, ಈಗ ಬಳಕೆ ತಪ್ಪಿರುವ ನಮೂನೆಗಳ ಕಂಪ್ಯೂಟರ್ ಕಡತಗಳನ್ನು ಹಳೆಯ ಡಿಸ್ಕುಗಳಿಂದ ಹೊರತೆಗೆದು, ಓದಿ, ಇಂದಿನ ನಮೂನೆಗೆ ಬದಲಿಸಿ ಉಳಿಸುವ ಕೆಲಸ. ಪುಸ್ತಕದ ಮುಖಪುಟ, ಪತ್ರಿಕೆಯ ಬಣ್ಣದ ಪುಟ, ಭಿತ್ತಿಪತ್ರ, ಮದುವೆಯ ಲಗ್ನಪತ್ರಿಕೆ, ಸಂಘಸಂಸ್ಥೆಗಳ ಸ್ಮರಣ ಸಂಚಿಕೆ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಕನ್ನಡದ ಮಟ್ಟಿಗೆ ಈ ಕೆಲಸಕ್ಕೆ ಎರಡು ಮುಖಗಳಿವೆ. ಒಂದು, ಚಿತ್ರ ಮತ್ತು ಅದರ ಬಣ್ಣವಿಭಜನೆಯನ್ನು ಉಳಿಸುವುದು. ಇನ್ನೊಂದು, ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಚಿತ್ರದ ಮೇಲೆ ಕೂಡಿಸಿದ ಕನ್ನಡ ಅಕ್ಷರಗಳನ್ನು ಉಳಿಸುವುದು.

ಪಶ್ಚಿಮ ಬೆಂಗಳೂರಿನ ನೆಲೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆ ಮತ್ತು ಬಸವೇಶ್ವರನಗರಗಳ ನಡುವೆ ಇರುವ ಕುರುಬರಹಳ್ಳಿ ಇಂಥ ಕಡತಗಳು ಹುಟ್ಟಿದ ನೆಲೆಗಳಲ್ಲೊಂದು. ಪಕ್ಕದ ರಾಜಾಜಿನಗರ 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭವಾಯಿತು. ಸಣ್ಣ ಕಾರ್ಖಾನೆಗಳ ಜೊತೆಗೆ ಅಚ್ಚುಕೂಟಗಳೂ ಈ ಸುತ್ತಿನಲ್ಲಿ ನೆಲೆಗೊಂಡವು. ಅವಕ್ಕೆ ಒದಗಿಬರುವಂತೆ ಮುಖ್ಯರಸ್ತೆಗಳಲ್ಲೂ ಅಡ್ಡರಸ್ತೆಗಳಲ್ಲೂ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಗಳು ಹುಟ್ಟಿಕೊಂಡವು. 1990ರ ದಶಕದಲ್ಲಿ ಇಂಥ ಅಂಗಡಿಯ ಬಂಡವಾಳವೆಂದರೆ ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಸ್ಕ್ಯಾನರ್ ಮತ್ತು ಕನ್ನಡ ಟೈಪಿಂಗ್ ಬಲ್ಲ ಒಬ್ಬರು.

ಕೆಲಸದ ಹಾದಿ ಹೀಗಿರುತ್ತಿತ್ತು. ಒಂದೇ ಬಣ್ಣದ ಕರಪತ್ರವಾದರೆ ಬಟರ್ ಪೇಪರಿನ ಮೇಲೆ ಲೇಸರ್ ಪ್ರಿಂಟ್ ತೆಗೆದು ನೇರವಾಗಿ ಪ್ಲೇಟಿಗೆ ಕೊಡುತ್ತಿದ್ದರು. ಬಹುವರ್ಣದ ಕೆಲಸವಾದರೆ ಕಡತವನ್ನು ಡಿಸ್ಕಿನಲ್ಲಿ ತುಂಬಿಕೊಂಡು ಫಿಲ್ಮ್ ತೆಗೆಯುವ ದೊಡ್ಡ ಕೇಂದ್ರಕ್ಕೆ ಹೋಗಬೇಕಿತ್ತು. ಅಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಬಣ್ಣಕ್ಕೆ ನಾಲ್ಕು ಪಾಸಿಟಿವ್ ಸಿಗುತ್ತಿದ್ದವು. ಅವುಗಳಿಂದ ನಾಲ್ಕು ಪ್ಲೇಟುಗಳಾಗಿ, ಆಮೇಲೆ ಆಫ್‌ಸೆಟ್ ಯಂತ್ರದಲ್ಲಿ ಅಚ್ಚಾಗುತ್ತಿತ್ತು. ಅಚ್ಚು ಮುಗಿದ ಮೇಲೆ ಡಿಸ್ಕು ಮೇಜಿನ ಖಾನೆ ಸೇರುತ್ತಿತ್ತು, ಫಿಲ್ಮು ಕಾಗದದ ಲಕೋಟೆ ಸೇರುತ್ತಿತ್ತು. ಪುನರುದ್ಧಾರ ಇಂದು ಹುಡುಕುವುದು ಆ ಖಾನೆಯನ್ನು ಮತ್ತು ಆ ಲಕೋಟೆಯನ್ನು.

ಬ್ಲಾಕಿನಿಂದ ಕಡತಕ್ಕೆ

ಮೊಳೆಯಚ್ಚಿನ ಕಾಲದಲ್ಲಿ ಚಿತ್ರವೆಂದರೆ ಬ್ಲಾಕು. ಛಾಯಾಚಿತ್ರವನ್ನು ಜಾಲರಿಯ ಮೂಲಕ ಚುಕ್ಕಿಗಳಾಗಿ ಒಡೆದು, ಲೋಹದ ತಗಡಿನ ಮೇಲೆ ಆಮ್ಲದಿಂದ ಕೊರೆದು, ಮರದ ತುಂಡಿಗೆ ಬಡಿಯುತ್ತಿದ್ದರು. ಆಫ್‌ಸೆಟ್ ಬಂದಾಗ ಬ್ಲಾಕಿನ ಜಾಗವನ್ನು ಫಿಲ್ಮು ಹಿಡಿಯಿತು. 1970ರಲ್ಲಿ ಮಣಿಪಾಲದಿಂದ ಹೊರಟ ಉದಯವಾಣಿ ದಿನಪತ್ರಿಕೆ, 1983ರಲ್ಲಿ ಅದೇ ಸಂಸ್ಥೆ ಆರಂಭಿಸಿದ ತರಂಗ ವಾರಪತ್ರಿಕೆ ಅಚ್ಚಿನ ಅಂದಕ್ಕೆ ಕನ್ನಡದಲ್ಲಿ ಹೆಸರಾದವು. ಫಿಲ್ಮಿನ ಕೆಲಸವನ್ನು ಕಂಪ್ಯೂಟರಿಗೆ ತಂದವರಲ್ಲಿ ಇಸ್ರೇಲಿನ ಸೈಟೆಕ್ಸ್ ಸಂಸ್ಥೆ ಮುಂಚೂಣಿಯಲ್ಲಿತ್ತು. ಎಫಿ ಅರಾಜಿ 1968ರಲ್ಲಿ ಕಟ್ಟಿದ ಈ ಸಂಸ್ಥೆ 1970ರ ದಶಕದ ಕೊನೆಗೆ ಬಣ್ಣದ ಪುಟಗಳನ್ನು ಪರದೆಯ ಮೇಲೆ ಜೋಡಿಸುವ ಯಂತ್ರವ್ಯವಸ್ಥೆಯನ್ನು ತಂದಿತು. ಜರ್ಮನಿಯ ಹೆಲ್ ಮತ್ತು ಬ್ರಿಟನ್ನಿನ ಕ್ರಾಸ್‌ಫೀಲ್ಡ್ ಇದರ ಪ್ರತಿಸ್ಪರ್ಧಿಗಳು. ಒಬ್ಬೊಬ್ಬರ ಕಡತವೂ ಅವರವರ ಯಂತ್ರಕ್ಕಷ್ಟೇ ಅರ್ಥವಾಗುವಂತಿತ್ತು.

1985ರಲ್ಲಿ ಆಲ್ಡಸ್ ಸಂಸ್ಥೆಯ ಪೇಜ್‌ಮೇಕರ್ ಬಂದ ಮೇಲೆ ಕೆಲಸ ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರಿಗೆ ಇಳಿಯಿತು. ಕನ್ನಡದ ಡಿಟಿಪಿಯನ್ನು ಊರೂರಿಗೆ ಹರಡಿದ್ದು ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾ. ದೊಡ್ಡ ಯಂತ್ರಗಳ ಸಂಸ್ಥೆಗಳು ಒಂದೊಂದಾಗಿ ಬೇರೆಯವರ ಪಾಲಾದವು. ಸೈಟೆಕ್ಸ್‌ನ ಮುದ್ರಣಪೂರ್ವ ವಿಭಾಗ 2000ದಲ್ಲಿ ಕೆನಡಾದ ಕ್ರಿಯೊ ಸಂಸ್ಥೆಗೂ, ಕ್ರಿಯೊ 2005ರಲ್ಲಿ ಕೊಡಕ್‌ಗೂ ಸೇರಿತು. ಕಂಪ್ಯೂಟರಿನಿಂದ ನೇರವಾಗಿ ಪ್ಲೇಟು ತೆಗೆಯುವ ಸಿಟಿಪಿ ವ್ಯವಸ್ಥೆ ಫಿಲ್ಮನ್ನೂ ಬದಿಗೆ ಸರಿಸಿತು.

ಮುಖ್ಯ ನಮೂನೆಗಳು

ಸೈಟೆಕ್ಸ್ ಸಿಟಿ: ಛಾಯಾಚಿತ್ರದಂಥ ಏರಿಳಿತದ ಬಣ್ಣಗಳ ಚಿತ್ರಕ್ಕೆ ಬಳಸುತ್ತಿದ್ದ ನಮೂನೆ. ಇದರ ಒಳರಚನೆ ಸರಳ. ಮೊದಲ 2048 ಬೈಟು ಶಿರೋಭಾಗ. ಅದರಲ್ಲಿ ಮೊದಲ 80 ಬೈಟು ಟಿಪ್ಪಣಿಗೆ ಮೀಸಲು, ಅದರ ಬೆನ್ನಿಗೇ ಇಂಗ್ಲಿಷಿನ ಸಿ ಮತ್ತು ಟಿ ಅಕ್ಷರಗಳು ಬರುತ್ತವೆ. ಚಿತ್ರದ ಅಗಲ ಎತ್ತರಗಳನ್ನು ಓದಬಲ್ಲ ಅಂಕಿಗಳಲ್ಲೇ ಬರೆದಿರುತ್ತಾರೆ. ಶಿರೋಭಾಗ ಮುಗಿದ ಮೇಲೆ ಚಿತ್ರದ ಒಂದೊಂದು ಸಾಲಿಗೂ ಮೊದಲು ಸಯಾನ್, ಆಮೇಲೆ ಮೆಜೆಂಟಾ, ಹಳದಿ, ಕಪ್ಪು ಎಂಬ ಕ್ರಮದಲ್ಲಿ ನಾಲ್ಕು ಪಟ್ಟಿಗಳು. ಒತ್ತಿ ಕುಗ್ಗಿಸುವ ಗೋಜು ಇಲ್ಲ.

ಸೈಟೆಕ್ಸ್ ಎಲ್‌ಡಬ್ಲ್ಯು: ಅಕ್ಷರ, ಗೆರೆ ಮತ್ತು ಒಂದೇ ಬಣ್ಣದ ಹರವುಗಳಿಗೆ ಬಳಸುತ್ತಿದ್ದ ಜೋಡಿ ನಮೂನೆ. ಒಂದು ಬಣ್ಣ ಸಾಲಿನಲ್ಲಿ ಎಷ್ಟು ಚುಕ್ಕಿಗಳವರೆಗೆ ಸಾಗುತ್ತದೆ ಎಂಬ ಲೆಕ್ಕವನ್ನು ಇದು ಬರೆದಿಡುತ್ತದೆ. ಅಕ್ಷರದ ಅಂಚು ಚೂಪಾಗಿರಲೆಂದು ಇದರ ಸಾಂದ್ರತೆ ಸಿಟಿಗಿಂತ ಹೆಚ್ಚು. ಒಂದು ಪುಟಕ್ಕೆ ಎರಡೂ ಬೇಕು. ಸಿಟಿ ಮಾತ್ರ ಸಿಕ್ಕರೆ ಚಿತ್ರವಿದ್ದು ಶೀರ್ಷಿಕೆ ಇಲ್ಲದ ಮುಖಪುಟ ಕೈಗೆ ಬರುತ್ತದೆ.

ಟಿಫ್/ಐಟಿ: ಬೇರೆಬೇರೆ ಯಂತ್ರಗಳ ನಡುವೆ ಪುಟಗಳನ್ನು ಸಾಗಿಸಲು ರೂಪಿಸಿದ ಸಾರ್ವತ್ರಿಕ ನಮೂನೆ. 1998ರಲ್ಲಿ ಐಎಸ್‌ಒ 12639 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಹೆಸರಿನಲ್ಲಿ ಟಿಫ್ ಇದ್ದರೂ ಸಾಮಾನ್ಯ ಟಿಫ್ ತೆರೆಯುವ ಎಲ್ಲ ತಂತ್ರಾಂಶಗಳೂ ಇದನ್ನು ಓದಲಾರವು.

ಡಿಸಿಎಸ್: ಕ್ವಾರ್ಕ್ ಸಂಸ್ಥೆ ರೂಪಿಸಿದ ಬಣ್ಣವಿಭಜನೆಯ ನಮೂನೆ. ಮೊದಲ ಆವೃತ್ತಿಯಲ್ಲಿ ಒಂದು ಚಿತ್ರಕ್ಕೆ 5 ಕಡತಗಳಿದ್ದವು. ಪರದೆಯ ಮೇಲೆ ತೋರಿಸಲು ಒಂದು ಮಂದ ಚಿತ್ರ, ಅಚ್ಚಿಗೆ ನಾಲ್ಕು ಬಣ್ಣದ ನಾಲ್ಕು ಕಡತ. ಎರಡನೆಯ ಆವೃತ್ತಿಯಲ್ಲಿ ಎಲ್ಲವನ್ನೂ ಒಂದೇ ಕಡತದಲ್ಲಿ ಇಡಬಹುದಿತ್ತು, ಬಂಗಾರದ ಬಣ್ಣದಂಥ ವಿಶೇಷ ಶಾಯಿಗಳಿಗೂ ಅವಕಾಶವಿತ್ತು.

ಓಪಿಐ: ಇದು ಚಿತ್ರದ ನಮೂನೆಯಲ್ಲ, ಬದಲಿ ಚಿತ್ರದ ಏರ್ಪಾಡು. ಕಂಪ್ಯೂಟರುಗಳ ಶಕ್ತಿ ಕಡಿಮೆಯಿದ್ದಾಗ ವಿನ್ಯಾಸಕಾರರಿಗೆ ಹಗುರವಾದ ಚಿತ್ರ ಕೊಟ್ಟು, ಫಿಲ್ಮ್ ತೆಗೆಯುವ ಹೊತ್ತಿಗೆ ಅಸಲು ಚಿತ್ರವನ್ನು ಕೂಡಿಸುತ್ತಿದ್ದರು. ಈ ಕಾರಣದಿಂದ ಹಳೆಯ ಡಿಸ್ಕಿನಲ್ಲಿ ಸಿಕ್ಕ ಚಿತ್ರ ಅಸಲೋ ಬದಲಿಯೋ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಫೋಟೊ ಸಿಡಿ: ಕೊಡಕ್ 1992ರಲ್ಲಿ ಮಾರುಕಟ್ಟೆಗೆ ತಂದದ್ದು. ಒಂದೇ ಕಡತದಲ್ಲಿ ಚಿತ್ರವನ್ನು 192×128 ಚುಕ್ಕಿಗಳಿಂದ 3072×2048 ಚುಕ್ಕಿಗಳವರೆಗೆ ಹಲವು ಅಳತೆಗಳಲ್ಲಿ ಇಡುತ್ತಿತ್ತು. ಪರಿವರ್ತಿಸುವಾಗ ಅತಿದೊಡ್ಡ ಅಳತೆಯನ್ನು ಕೇಳಿ ತೆಗೆಯದಿದ್ದರೆ ನಡುವಿನ 768×512 ಅಳತೆಯ ಚಿತ್ರವೇ ಪೂರ್ಣಚಿತ್ರವೆಂದು ತಪ್ಪು ತಿಳಿಯುವ ಅಪಾಯವಿದೆ.

ಪುಟವಿನ್ಯಾಸದ ಕಡತಗಳು: ಚಿತ್ರ ಕೂತಿದ್ದ ಪುಟವೂ ಬೇಕೆಂದಾಗ ಪೇಜ್‌ಮೇಕರ್ ಕಡತವನ್ನೇ ತೆರೆಯಬೇಕು. 2001ರಲ್ಲಿ ಬಂದ 7.0 ಅದರ ಕೊನೆಯ ದೊಡ್ಡ ಆವೃತ್ತಿ. ಅಡೋಬಿಯ ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರ್ 6.0 ಮತ್ತು ನಂತರದ ಕಡತಗಳನ್ನು ತೆರೆಯುತ್ತಿದ್ದವು. ಆಮೇಲಿನವು ಆ ಬಾಗಿಲನ್ನು ಮುಚ್ಚಿದವು. ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸ್ 2015ರ 4.4 ಆವೃತ್ತಿಯಿಂದ ಪೇಜ್‌ಮೇಕರನ್ನೂ, 2018ರ 6.0 ಆವೃತ್ತಿಯಿಂದ ಕ್ವಾರ್ಕ್‌ಎಕ್ಸ್‌ಪ್ರೆಸ್ಸನ್ನೂ ಒಂದು ಮಟ್ಟಿಗೆ ಓದುತ್ತದೆ.

ಡಿಸ್ಕಿನಿಂದ ಹೊರಗೆ

ಎ4 ಅಳತೆಯ ಬಹುವರ್ಣ ಪುಟವನ್ನು ಅಂಗುಲಕ್ಕೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ 2480×3508 ಚುಕ್ಕಿಗಳಾಗುತ್ತವೆ. ನಾಲ್ಕು ಬಣ್ಣಕ್ಕೆ ಸುಮಾರು 3 ಕೋಟಿ 48 ಲಕ್ಷ ಬೈಟು. 1.44 ಎಂಬಿಯ ಫ್ಲಾಪಿಗಳಲ್ಲಿ ತುಂಬಲು ಹೊರಟರೆ 24 ಫ್ಲಾಪಿ ಬೇಕು. ಈ ಭಾರವೇ ಅಚ್ಚಿನ ವ್ಯವಹಾರದವರನ್ನು 44 ಮತ್ತು 88 ಎಂಬಿಯ ಸೈಕ್ವೆಸ್ಟ್ ಕಾರ್ಟ್ರಿಜ್, 100 ಎಂಬಿಯ ಜಿಪ್ ಡಿಸ್ಕ್, ಎಂಒ ಡಿಸ್ಕ್ ಮತ್ತು ಕೊನೆಗೆ ಸಿಡಿಯ ಕಡೆಗೆ ಒಯ್ದಿತು. ಸಿಡಿ ಬಿಟ್ಟರೆ ಉಳಿದವುಗಳ ಡ್ರೈವು ಇಂದು ಹೊಸದಾಗಿ ತಯಾರಾಗುವುದಿಲ್ಲ. ಮನೆಯಲ್ಲಿ ಬರೆದ ಸಿಡಿಯ ಬಣ್ಣದ ಪದರವೂ ಬಿಸಿಲು, ತೇವ, ಕಾಲಗಳಿಗೆ ಸಿಕ್ಕಿ ಕೆಡುತ್ತದೆ.

ಹೊರತೆಗೆಯುವ ಕ್ರಮದಲ್ಲಿ ಮೊದಲನೆಯ ನಿಯಮ, ಡಿಸ್ಕಿನೊಳಗಿನ ಕಡತವನ್ನು ಅಲ್ಲೇ ತೆರೆಯಬಾರದು. ಡಿಸ್ಕಿನ ಪೂರ್ಣ ಪ್ರತಿಬಿಂಬವನ್ನು ಒಂದೇ ಕಡತವಾಗಿ ನಕಲು ಮಾಡಿಕೊಂಡು, ಮುಂದಿನ ಕೆಲಸವನ್ನೆಲ್ಲ ಆ ನಕಲಿನ ಮೇಲೆ ಮಾಡಬೇಕು. ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶ ಚೆನ್ನಾಗಿರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ಮತ್ತೆ ಮತ್ತೆ ಮರಳಿ ಪ್ರಯತ್ನಿಸುತ್ತದೆ. ಜಿಪ್ ಡ್ರೈವು ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿದರೆ ಕೂಡಲೇ ನಿಲ್ಲಿಸಬೇಕು. ಕೆಟ್ಟ ಡ್ರೈವು ಒಳ್ಳೆಯ ಡಿಸ್ಕನ್ನೂ, ಹರಿದ ಡಿಸ್ಕು ಒಳ್ಳೆಯ ಡ್ರೈವನ್ನೂ ಕೆಡಿಸಬಲ್ಲದು.

ಆಪಲ್ ಮ್ಯಾಕಿಂತಾಷ್‌ನಲ್ಲಿ ಬರೆದ ಡಿಸ್ಕುಗಳಿಗೆ ಬೇರೆ ಎಚ್ಚರ ಬೇಕು. ಹಳೆಯ ಮ್ಯಾಕ್ ಕಡತಕ್ಕೆ ಎರಡು ಕವಲುಗಳಿರುತ್ತವೆ: ಒಂದು ದತ್ತಾಂಶದ್ದು, ಇನ್ನೊಂದು ಸಂಪನ್ಮೂಲದ್ದು. ಫಾಂಟು ಮತ್ತು ಇಪಿಎಸ್ ಎಂಬ ನಮೂನೆಯ ಚಿತ್ರದ ಮುನ್ನೋಟ ಎರಡನೆಯ ಕವಲಿನಲ್ಲಿರುತ್ತವೆ. ವಿಂಡೋಸ್ ಕಂಪ್ಯೂಟರಿಗೆ ಸುಮ್ಮನೆ ನಕಲು ಮಾಡಿದರೆ ಆ ಕವಲು ಕಳಚಿಬೀಳುತ್ತದೆ. ಹಳೆಯ ಮ್ಯಾಕ್ ಡಿಸ್ಕುಗಳ ಎಚ್‌ಎಫ್‌ಎಸ್ ವಿನ್ಯಾಸವನ್ನು ಓದುವ ಸೌಲಭ್ಯವನ್ನು ಆಪಲ್ 2019ರ ಕ್ಯಾಟಲಿನಾ ಆವೃತ್ತಿಯಲ್ಲಿ ತೆಗೆದುಹಾಕಿತು. ಅಲ್ಲಿಂದಾಚೆಗೆ ಲಿನಕ್ಸ್ ಅಥವಾ ಹಳೆಯ ಮ್ಯಾಕ್ ಯಂತ್ರವೇ ದಾರಿ.

ಗುರುತಿಸುವುದು, ತೆರೆಯುವುದು

ಕಡತದ ಹೆಸರಿನ ಬಾಲವನ್ನು (ಎಕ್ಸ್‌ಟೆನ್ಶನ್) ನಂಬಲಾಗದು. ಮ್ಯಾಕ್‌ನಿಂದ ಬಂದ ಹಳೆಯ ಕಡತಗಳಿಗೆ ಎಷ್ಟೋ ಸಲ ಬಾಲವೇ ಇರುವುದಿಲ್ಲ. ಒಳಗಿನ ಮೊದಲ ಬೈಟುಗಳನ್ನು ನೋಡಿ ಗುರುತಿಸುವುದೇ ಸರಿಯಾದ ಕ್ರಮ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಪ್ರೊನಾಮ್ ಎಂಬ ದಾಖಲೆಕೋಶ ಇಂಥ ಗುರುತುಗಳನ್ನು ಪಟ್ಟಿಮಾಡಿದೆ, ಅದನ್ನು ಬಳಸುವ ಡ್ರಾಯಿಡ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಸೈಟೆಕ್ಸ್ ಸಿಟಿಯನ್ನು ಫೋಟೊಶಾಪ್ ಮತ್ತು ಇಮೇಜ್‌ಮ್ಯಾಜಿಕ್ ತೆರೆಯುತ್ತವೆ. ಇಪಿಎಸ್‌ಗೆ ಗೋಸ್ಟ್‌ಸ್ಕ್ರಿಪ್ಟ್ ಇದೆ.

ಸಿಟಿ ಕಡತದ ಶಿರೋಭಾಗ ಹಾಳಾಗಿದ್ದರೂ ಚಿತ್ರ ಉಳಿಯಬಹುದು. ಕಡತದ ಒಟ್ಟು ಗಾತ್ರದಿಂದ 2048 ಕಳೆದು 4ರಿಂದ ಭಾಗಿಸಿದರೆ ಒಂದು ಬಣ್ಣದ ಚುಕ್ಕಿಗಳ ಸಂಖ್ಯೆ ಸಿಗುತ್ತದೆ. 300 ಚುಕ್ಕಿಯ ಸಾಂದ್ರತೆಯ ಎ5 ಮುಖಪುಟವಾದರೆ ಅದು 1748×2480, ಅಂದರೆ 43,35,040 ಆಗಬೇಕು. ಪುಸ್ತಕದ ಪ್ರತಿಯೊಂದು ಕೈಯಲ್ಲಿದ್ದರೆ ಅಳತೆಪಟ್ಟಿಯಿಂದಲೇ ಅಗಲ ಎತ್ತರಗಳನ್ನು ಅಂದಾಜು ಮಾಡಬಹುದು. ಬಳಿಕ ಕಡತವನ್ನು ಶಿರೋಭಾಗ ಬಿಟ್ಟು ಬರಿಯ ಕಪ್ಪುಬಿಳುಪು ದತ್ತಾಂಶವಾಗಿ, ಅಗಲವನ್ನು ನಾಲ್ಕು ಪಟ್ಟು ಕೊಟ್ಟು ತೆರೆದರೆ ನಾಲ್ಕು ವಿಭಜನೆಗಳೂ ಅಕ್ಕಪಕ್ಕದಲ್ಲಿ ನಿಂತು ಕಾಣುತ್ತವೆ. ಅಗಲ ತಪ್ಪಿದ್ದರೆ ಚಿತ್ರ ಓರೆಯಾಗಿ ಜಾರಿದಂತೆ ಕಾಣುತ್ತದೆ. ಅಗಲ ಬೆಸಸಂಖ್ಯೆಯಾಗಿದ್ದರೆ ಪ್ರತಿ ಪಟ್ಟಿಯ ಕೊನೆಗೆ ಒಂದು ತುಂಬುಬೈಟು ಸೇರಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಡಿಸಿಎಸ್ ಮೊದಲ ಆವೃತ್ತಿಯ 5 ಕಡತಗಳಲ್ಲಿ ಮುಖ್ಯ ಕಡತ ಮಾತ್ರ ಸಿಕ್ಕರೆ ಮಂದ ಮುನ್ನೋಟದಷ್ಟೇ ಲಾಭ. ನಾಲ್ಕೂ ಬಣ್ಣದ ಕಡತಗಳಿದ್ದು ಹೆಸರುಗಳು ಬದಲಾಗಿದ್ದರೆ ಗಾಬರಿ ಬೇಡ. ಮುಖ್ಯ ಕಡತವನ್ನು ಪಠ್ಯವಾಗಿ ತೆರೆದರೆ ಸಯಾನ್ ಪ್ಲೇಟು ಯಾವುದು, ಮೆಜೆಂಟಾ ಪ್ಲೇಟು ಯಾವುದು ಎಂದು ಮೂಲ ಹೆಸರುಗಳನ್ನು ಸಾಲುಸಾಲಾಗಿ ಬರೆದಿರುತ್ತದೆ. ಆ ಹೆಸರುಗಳನ್ನು ಮರಳಿ ಕೊಟ್ಟು ಒಂದೇ ಫೋಲ್ಡರಿನಲ್ಲಿಟ್ಟರೆ ಚಿತ್ರ ಕೂಡಿಕೊಳ್ಳುತ್ತದೆ.

ಬಣ್ಣದ ಸಮಸ್ಯೆ

ಅಚ್ಚಿನ ಕಡತದಲ್ಲಿರುವುದು ಬಣ್ಣವಲ್ಲ, ಶಾಯಿಯ ಪ್ರಮಾಣ. 60 ಪಾಲು ಮೆಜೆಂಟಾ ಎಂದರೆ ಆರ್ಟ್ ಪೇಪರಿನ ಮೇಲೆ ಒಂದು ಬಣ್ಣ, ನ್ಯೂಸ್‌ಪ್ರಿಂಟಿನ ಮೇಲೆ ಇನ್ನೊಂದು. ಈ ಸಂಬಂಧವನ್ನು ದಾಖಲಿಸುವ ಐಸಿಸಿ ಪ್ರೊಫೈಲುಗಳ ಕೂಟ ಆರಂಭವಾದದ್ದು 1993ರಲ್ಲಿ. ಫೋಟೊಶಾಪ್ ಆ ಪ್ರೊಫೈಲುಗಳನ್ನು ಪೂರ್ಣವಾಗಿ ಅಳವಡಿಸಿಕೊಂಡದ್ದು 1998ರ 5.0 ಆವೃತ್ತಿಯಲ್ಲಿ. ಅದಕ್ಕೂ ಹಳೆಯ ಕಡತಗಳಲ್ಲಿ ಸಾಮಾನ್ಯವಾಗಿ ಪ್ರೊಫೈಲು ಇರುವುದಿಲ್ಲ. ಅಂಥ ಕಡತ ತೆರೆದಾಗ ಮೊದಲು ಯಾವ ಕಾಗದಕ್ಕೆ ಮಾಡಿದ್ದು ಎಂದು ತಿಳಿದು, ಅದಕ್ಕೆ ಹೊಂದುವ ಪ್ರೊಫೈಲನ್ನು ಹಚ್ಚಬೇಕು. ಅಂಕಿಗಳನ್ನು ಬದಲಿಸುವ ಪರಿವರ್ತನೆ ಆಮೇಲಿನ ಮಾತು. ಅಂದು ಅಚ್ಚಾದ ಪ್ರತಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕಡತವನ್ನು ನೇರವಾಗಿ ಪರದೆಯ ಆರ್‌ಜಿಬಿ ಜೆಪೆಗ್ ಆಗಿ ಬದಲಿಸುವುದು ಅತಿ ಸಾಮಾನ್ಯ ತಪ್ಪು. ಮೂಲದಲ್ಲಿ ಶೀರ್ಷಿಕೆಯ ಕಪ್ಪು ಅಕ್ಷರ ಕಪ್ಪು ಪ್ಲೇಟಿನಲ್ಲಿ ಮಾತ್ರ ಇರುತ್ತದೆ. ಆರ್‌ಜಿಬಿಗೆ ಹೋಗಿ ಮರಳಿ ಬಂದರೆ ಅದು ನಾಲ್ಕೂ ಪ್ಲೇಟುಗಳಿಗೆ ಹರಡುತ್ತದೆ. ಮರುಮುದ್ರಣದಲ್ಲಿ ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಬೀಳುತ್ತದೆ. ಅಂದಿನ ಕೆಲಸಗಾರರು ಮೈಬಣ್ಣದಲ್ಲಿ ಸಯಾನ್ ಎಷ್ಟಿರಬೇಕು, ನೆರಳಿನಲ್ಲಿ ಕಪ್ಪು ಎಷ್ಟು ಹಿಡಿಯಬೇಕು ಎಂದು ಕಣ್ಣಳತೆಯಲ್ಲಿ ತೀರ್ಮಾನಿಸಿದ್ದರು. ಆ ತೀರ್ಮಾನಗಳೆಲ್ಲ ನಾಲ್ಕು ವಿಭಜನೆಗಳಲ್ಲಿ ಬರೆದಿಟ್ಟ ಹಾಗಿವೆ. ಒಮ್ಮೆ ಕರಗಿಸಿದರೆ ಮತ್ತೆ ಬರುವುದಿಲ್ಲ.

ಕನ್ನಡ ಅಕ್ಷರದ ಸಮಸ್ಯೆ

ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಆದರೆ ಅಚ್ಚಿನ ತಂತ್ರಾಂಶಗಳು ಅದನ್ನು ಬಹಳ ಕಾಲ ಅರಿಯಲಿಲ್ಲ. ಅಲ್ಲಿಯವರೆಗೆ ಕನ್ನಡದ ಕೆಲಸ ನಡೆದದ್ದು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂಡಿಸಿದ ಫಾಂಟುಗಳಿಂದ. ಕೆ.ಪಿ. ರಾವ್ ಅವರ ಸೇಡಿಯಾಪು, ಬೆಂಗಳೂರಿನ ಸೊನಾಟಾ ಸಂಸ್ಥೆಯ ಪ್ರಕಾಶಕ್, ಪುಣೆಯ ಮಾಡ್ಯುಲರ್ ಇನ್‌ಫೋಟೆಕ್‌ನ ಶ್ರೀಲಿಪಿ, ಸೈಬರ್‌ಸ್ಕೇಪ್‌ನ ಆಕೃತಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಈ ಕಾಲದ ಹೆಸರುಗಳು. ತುಣುಕುಗಳ ಜೋಡಣೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ರೀತಿ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಶೀರ್ಷಿಕೆ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲಾಗುತ್ತದೆ.

ಅಕ್ಷರವನ್ನು ಚಿತ್ರದೊಳಗೆ ಚುಕ್ಕಿಗಳಾಗಿಯೋ ರೇಖೆಗಳಾಗಿಯೋ ಮೊದಲೇ ಬದಲಿಸಿದ್ದರೆ ಈ ತೊಂದರೆ ಇಲ್ಲ. ಕೋರೆಲ್‌ಡ್ರಾದಲ್ಲಿ ‘ಕರ್ವ್ಸ್’ ಮಾಡಿ ಕಳಿಸುವ ಅಂಗಡಿಗಳ ರೂಢಿ ಹೀಗೆ ಎಷ್ಟೋ ಮುಖಪುಟಗಳನ್ನು ಕಾಪಾಡಿದೆ. ಹಾಗೆ ಮಾಡಿರದಿದ್ದರೆ ಅದೇ ಫಾಂಟು ಬೇಕು. ಕೆಲವು ತಂತ್ರಾಂಶಗಳು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಡಾಂಗಲ್ ಇಲ್ಲದೆ ಕೆಲಸ ಮಾಡುತ್ತಿರಲಿಲ್ಲ, ಡಾಂಗಲ್ ಕಳೆದರೆ ಕೆಲಸ ನಿಂತಿತು. ಪೋಸ್ಟ್‌ಸ್ಕ್ರಿಪ್ಟ್ ಟೈಪ್ 1 ಬಗೆಯ ಫಾಂಟುಗಳಿಗೆ ಅಡೋಬಿ 2023ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿದ್ದರಿಂದ ಹಳೆಯ ತಂತ್ರಾಂಶವಿರುವ ಹಳೆಯ ಕಂಪ್ಯೂಟರನ್ನೂ ಉಳಿಸಿಕೊಳ್ಳಬೇಕಾಗಿದೆ.

ಪಠ್ಯವನ್ನು ಯೂನಿಕೋಡಿಗೆ ತರುವಾಗ ತುಣುಕಿಗೆ ತುಣುಕು ಬದಲಿಸಿದರೆ ಸಾಲದು, ಕ್ರಮವನ್ನೂ ತಿದ್ದಬೇಕು. ‘ಸೂರ್ಯ’ ಎಂಬ ಪದದಲ್ಲಿ ಕಣ್ಣಿಗೆ ಮೊದಲು ಕಾಣುವುದು ಯಕಾರ, ಆಮೇಲೆ ಅರ್ಕಾವೊತ್ತು. ಹಳೆಯ ಫಾಂಟು ಕಂಡ ಕ್ರಮದಲ್ಲೇ ಬರೆದಿಡುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ರಕಾರವನ್ನು ಮೊದಲು ಕೇಳುತ್ತದೆ. ಪರಿವರ್ತಕ ಈ ಹಿಂದುಮುಂದನ್ನು ಅರಿತಿರಬೇಕು. ನುಡಿ ಮತ್ತು ಬರಹದ ಹಳೆಯ ಪಠ್ಯಕ್ಕೆ ಕನ್ನಡದ ಉತ್ಸಾಹಿಗಳು ಮುಕ್ತ ಪರಿವರ್ತಕಗಳನ್ನು ಮಾಡಿಕೊಟ್ಟಿದ್ದಾರೆ. ಪರಿವರ್ತನೆಯ ಬಳಿಕ ಮನುಷ್ಯರೇ ಕೂತು ಕರಡು ತಿದ್ದುವುದು ತಪ್ಪದು.

ಕಡತ ಇಲ್ಲದಾಗ

ಡಿಸ್ಕು ಸತ್ತಿದ್ದು ಫಿಲ್ಮು ಉಳಿದಿದ್ದರೆ ಅದೂ ಮೂಲವೇ. ನಾಲ್ಕು ಪಾಸಿಟಿವ್‌ಗಳನ್ನು ಬೆಳಕು ಹಾಯುವ ಸ್ಕ್ಯಾನರಿನಲ್ಲಿ ಬೇರೆಬೇರೆಯಾಗಿ ಸ್ಕ್ಯಾನ್ ಮಾಡಿ, ಮೂಲೆಗಳಲ್ಲಿರುವ ರಿಜಿಸ್ಟ್ರೇಷನ್ ಗುರುತುಗಳನ್ನು ಒಂದರ ಮೇಲೊಂದು ಕೂಡಿಸಿ, ನಾಲ್ಕು ಬಣ್ಣಗಳಿಗೆ ಹಂಚಬೇಕು. ಫಿಲ್ಮಿನಲ್ಲಿ ಚಿತ್ರ ಆಗಲೇ ಚುಕ್ಕಿಗಳಾಗಿ ಒಡೆದಿರುವುದರಿಂದ ಹೆಚ್ಚಿನ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿ ಚುಕ್ಕಿಗಳನ್ನು ಮೃದುಗೊಳಿಸಬೇಕು, ಇಲ್ಲದಿದ್ದರೆ ಮರುಮುದ್ರಣದಲ್ಲಿ ಅಲೆಯಲೆಯಾದ ಗೀರುಗಳು ಏಳುತ್ತವೆ. ಅಚ್ಚಾದ ಹಾಳೆಯನ್ನು ಸ್ಕ್ಯಾನ್ ಮಾಡುವುದು ಕೊನೆಯ ದಾರಿ. ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುವುದರಿಂದ ಹಳೆಯ ಫಿಲ್ಮನ್ನು ತೂಕಕ್ಕೆ ಕೊಳ್ಳುವವರಿದ್ದಾರೆ. ಲಕೋಟೆಗಳು ಖಾಲಿಯಾಗಲು ಇದೂ ಒಂದು ಕಾರಣ.

ಸಂರಕ್ಷಣೆ ಮತ್ತು ಹಕ್ಕು

ಪುನರುದ್ಧಾರವಾದ ಚಿತ್ರವನ್ನು ಮೂರು ರೂಪಗಳಲ್ಲಿ ಇಡುವುದು ಒಳ್ಳೆಯ ಕ್ರಮ: ಮುಟ್ಟದ ಮೂಲ ಕಡತ ಮತ್ತು ಡಿಸ್ಕಿನ ಪ್ರತಿಬಿಂಬ, ನಾಲ್ಕು ವಿಭಜನೆಗಳನ್ನು ಹಾಗೆಯೇ ಹಿಡಿದಿರುವ, ಕುಗ್ಗಿಸದ ಟಿಫ್, ನೋಡಲು ಮತ್ತು ಹಂಚಲು ಒಂದು ಜೆಪೆಗ್. ಜೊತೆಗೆ ಕೃತಿಯ ಹೆಸರು, ಕಲಾವಿದರು, ವರ್ಷ, ಅಚ್ಚಾದ ಕಾಗದ, ಬಳಸಿದ ಫಾಂಟು ಮತ್ತು ಪರಿವರ್ತನೆಯ ವಿಧಾನವನ್ನು ಬರೆದಿಡಬೇಕು. ನಕಲುಗಳು ಬೇರೆಬೇರೆ ಜಾಗದಲ್ಲಿರಬೇಕು. ಭಾರತದ ಕಾನೂನಿನಂತೆ ಮುಖಪುಟದ ಚಿತ್ರಕ್ಕೆ ಕಲಾವಿದರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಉಳಿಸುವುದು ಬೇರೆ, ಪ್ರಕಟಿಸುವುದು ಬೇರೆ. ಲಗ್ನಪತ್ರಿಕೆಯಂಥ ಕಡತಗಳಲ್ಲಿ ಮನೆತನಗಳ ಹೆಸರು ವಿಳಾಸಗಳಿರುವುದರಿಂದ ಅವುಗಳ ಹಂಚಿಕೆಯಲ್ಲಿ ಇನ್ನಷ್ಟು ಎಚ್ಚರ ಬೇಕು.

ಕನ್ನಡ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಪ್ರಯತ್ನಗಳು ನಡೆದಿವೆ. ಆ ಪುಟಗಳು ಹುಟ್ಟಿದ ಕಡತಗಳಿಗೂ ಅಷ್ಟೇ ಗಮನ ಸಲ್ಲಬೇಕು. ಮೊಳೆಯಚ್ಚಿನ ಪುಸ್ತಕಕ್ಕೆ ಮೊಳೆ ಕರಗಿಹೋಗಿದೆ, ಡಿಟಿಪಿ ಕಾಲದ ಪುಸ್ತಕಕ್ಕೆ ಮೂಲ ಇನ್ನೂ ಎಲ್ಲೋ ಖಾನೆಯಲ್ಲಿದೆ. ಕುರುಬರಹಳ್ಳಿಯಲ್ಲಾಗಲಿ, ರಾಜಾಜಿನಗರದಲ್ಲಾಗಲಿ, ಬೇರಾವ ಊರಿನಲ್ಲಾಗಲಿ ಹಳೆಯ ಡಿಟಿಪಿ ಅಂಗಡಿಯನ್ನು ಮುಚ್ಚುವವರು, ಅಚ್ಚುಕೂಟ ಬದಲಿಸುವವರು, ಲೇಖಕರ ಮನೆಯ ಕಪಾಟು ಖಾಲಿಮಾಡುವವರು ಹೆಸರಿಲ್ಲದ ಡಿಸ್ಕನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ನಕಲು ಮಾಡಿಸಿಡಬೇಕು. ತೆರೆಯುವ ವಿದ್ಯೆ ಇಂದು ಗೊತ್ತಿಲ್ಲದಿದ್ದರೆ ನಾಳೆ ಕಲಿಯಬಹುದು. ಎಸೆದ ಡಿಸ್ಕನ್ನು ಮರಳಿ ತರಲಾಗದು.